ಮೊಟ್ಟೆ ಕತ್ತಿ

ನನ್ನ ಬ್ಯಾಗಿನಲ್ಲಿ ಬಾಚಣಿಗೆ ಇರದೇ ಹೋಗಬಹುದು, ಮಡಚುವ ಚಾಕು ಇದ್ದೇ ಇರುತ್ತದೆ. ಒಂದಲ್ಲ, ಮೂರು. ಯಾಕಮ್ಮ ಮೂರು ಅಂದವರಿಗೆ, ನಿಮ್ಮ ಮನೆಯಲ್ಲಿ ಸೌಟು ಎಷ್ಟಿವೆ ಅಂತ ಕೇಳಿ ಬಾಯಿ ಮುಚ್ಚಿಸಿದ್ದೇನೆ. ನಾನು ದಾವಣಗೆರೆ ಕಡೆಯವಳು. ಕೊಯಮತ್ತೂರಿನಲ್ಲಿ ಪಂಪ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ದಿನವಿಡೀ ಉಕ್ಕಿನ ಸಹವಾಸ ಮಾಡಿ, ಸಂಜೆಗೂ ಅದೇ ಬೇಕೆನ್ನಿಸಿದರೆ ಅದನ್ನು ಹುಚ್ಚು ಅನ್ನಬಹುದು. ಅನ್ನಲಿ ಬಿಡಿ.

ಮೂರರ ಅಲಗೂ ಒಂದೊಂದು ಥರ. ಮೊದಲನೆಯದು ಬೆನ್ನಿನಿಂದ ಅಂಚಿನವರೆಗೆ ಚಪ್ಪಟೆಯಾಗಿ ಇಳಿದದ್ದು, ಸ್ಟೇನ್‌ಲೆಸ್. ಎಲ್ಲ ಕೆಲಸಕ್ಕೂ ಒಗ್ಗುತ್ತದೆ, ಯಾವುದರಲ್ಲೂ ಮೆರೆಯುವುದಿಲ್ಲ, ನಮ್ಮ ಮ್ಯಾನೇಜರ್ ಇದ್ದ ಹಾಗೆ. ಎರಡನೆಯದರ ಕೆನ್ನೆಗಳು ಒಳಗೆ ಗುಳಿಬಿದ್ದಿವೆ. ಅದೂ ಸ್ಟೇನ್‌ಲೆಸ್ಸೇ, ಆದರೆ ಗಟ್ಟಿ ಜಾತಿಯದು, ಅಂಚು ತೀರಾ ತೆಳು. ಟೊಮೇಟೊ ಮೇಲೆ ಇಟ್ಟರೆ ತಾನಾಗಿ ಇಳಿಯುತ್ತದೆ. ಗಜ್ಜರಿಗೆ ಹಾಕಿದರೆ ಅರ್ಧಕ್ಕೇ ಸಿಕ್ಕಿಕೊಂಡು ಮಾನ ಕಳೆಯುತ್ತದೆ. ಮೂರನೆಯದು ಹೊಟ್ಟೆ ಉಬ್ಬಿದ ಅಲಗು, ಕಾರ್ಬನ್ ಸ್ಟೀಲ್. ನನಗೆ ಇದರ ಮೇಲೇ ಜೀವ. ಎಂಥ ಒರಟು ಕೆಲಸಕ್ಕೂ ಜಗ್ಗುವುದಿಲ್ಲ, ಕಲ್ಲಿಗೆ ಒಂಚೂರು ಉಜ್ಜಿದರೆ ಮತ್ತೆ ಹರಿತ. ಆದರೆ ಮೂಗಿನ ತುದಿಯಲ್ಲೇ ಕೋಪ: ನೀರು ಕಂಡರೆ ತುಕ್ಕು, ನಿಂಬೆ ಕಂಡರೆ ಕಪ್ಪು, ಬೇಯಿಸಿದ ಮೊಟ್ಟೆ ಕಂಡರಂತೂ ಎಷ್ಟು ತೊಳೆದರೂ ಹೋಗದ ಕಲೆ.

ಈ ಹುಚ್ಚನ್ನು ಸಹಿಸಿಕೊಂಡ ಒಬ್ಬನೇ ಒಬ್ಬ ಗಂಡಸು ನನ್ನ ಪಕ್ಕದ ಮೇಜಿನವನು. ಕೊಯಮತ್ತೂರಿನ ಹತ್ತಿರದ ಅನ್ನೂರಿನವನು, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಯ್ಗೆಯವರ ಮನೆ. ಇಬ್ಬರೂ ಮದುವೆಯಾಗುವುದೆಂದು ಮಾತಾಡಿಕೊಂಡಿದ್ದೆವು. ಅವನ ಅಪ್ಪ ಅಮ್ಮ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಆಗಲೇ ಮೂವರು ಹುಡುಗಿಯರನ್ನು ಬೇಡ ಅಂದವರು. ನನ್ನ ಚಾಕುಗಳ ಸುದ್ದಿ ಕೇಳಿ, ಬರುವಾಗ ಅವನ್ನೂ ತರಲಿ ಅಂತ ಹೇಳಿ ಕಳಿಸಿದ್ದರು. ನನಗೆ ಅವನೇ ಬೇಕಿತ್ತು, ಅದಕ್ಕೇ ಅಷ್ಟು ಪುಕಪುಕ. ಹೊರಡುವ ಹಿಂದಿನ ದಿನ ಅವನು ಒಂದೇ ಒಂದು ಎಚ್ಚರಿಕೆ ಕೊಟ್ಟ. ಅವರ ಮನೆಯ ಹೊಸಿಲು ದಾಟಿ ಮೊಟ್ಟೆ ಒಳಗೆ ಹೋದದ್ದೇ ಇಲ್ಲವಂತೆ.

ಇಷ್ಟು ಹೇಳಿದ ಮೇಲೂ ಬೆಳಿಗ್ಗೆ ಹಾಸ್ಟೆಲಿನ ತಿಂಡಿಯ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನಾನು ಯಾವುದರಲ್ಲಿ ಕೊಯ್ದೆ ಹೇಳಿ? ಅದೇ ಮೂರನೆಯದರಲ್ಲಿ. ಅಭ್ಯಾಸಬಲ. ಸೋಪು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ, ಕಲೆ ಮಾತ್ರ ಅಲಗಿನ ಮೇಲೆ ಆರಾಮಾಗಿ ಕೂತಿತ್ತು. ಅನ್ನೂರಿನ ಟೌನ್ ಬಸ್ಸಿನಲ್ಲಿ ಅವನ ಪಕ್ಕ ಕೂತು ದಾರಿಯುದ್ದಕ್ಕೂ ಅದನ್ನೇ ನೆನೆದು ಬೆವತೆ.

ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಸಾಂಬಾರು ಈರುಳ್ಳಿ ಸುಲಿಯುತ್ತಿದ್ದರು. ನನ್ನನ್ನು 'ಕಣ್ಣು' ಅಂತ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಸೀಮೆಯಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವುದೇ ಹಾಗೆ. ಆಮೇಲೆ ಕತ್ತಿ ತೋರಿಸು ಅಂದರು. ನಮ್ಮ ಕಡೆ ಕತ್ತಿ ಅಂದರೆ ಯುದ್ಧಕ್ಕೆ ಹೋಗುವಂಥದ್ದು, ಅವರಲ್ಲಿ ಈರುಳ್ಳಿ ಹೆಚ್ಚುವುದೂ ಕತ್ತಿಯೇ. ಅವರ ಕೈಯಲ್ಲಿದ್ದದ್ದು ಗರಗಸದ ಹಳೇ ಬ್ಲೇಡನ್ನು ತಿಕ್ಕಿ ಮಾಡಿ, ಹಿಡಿಗೆ ಮಗ್ಗದ ನೂಲು ಸುತ್ತಿದ ಕತ್ತಿ. ತಾತ ಮಾಡಿಕೊಟ್ಟದ್ದಂತೆ. ಟೊಮೇಟೊ ತರಿಸಿ ಪಂದ್ಯಕ್ಕೆ ಕೂತೇಬಿಟ್ಟರು.

ಚಪ್ಪಟೆ ಅಲಗು ಮರ್ಯಾದೆಯಿಂದ ಕೊಯ್ಯಿತು. ಗುಳಿಗೆನ್ನೆಯದು ಆಚೆ ಬದಿ ಕಾಣುವಷ್ಟು ತೆಳ್ಳಗೆ ಬಿಲ್ಲೆ ತೆಗೆಯಿತು. ಅಜ್ಜಿಯ ಕತ್ತಿ ಟೊಮೇಟೊವನ್ನು ಅಪ್ಪಚ್ಚಿ ಮಾಡಿ ರಸವನ್ನು ನನ್ನ ಸೀರೆಗೆ ಹಾರಿಸಿತು. ಟೊಮೇಟೊ ಸರಿಯಿಲ್ಲ ಎಂದು ತೀರ್ಪಾಯಿತು. ನಾನೂ ಹೌದು ಹೌದು ಅಂದೆ, ಮದುವೆ ಆಗಬೇಕಿತ್ತಲ್ಲ. ಆಮೇಲೆ ಮೂರನೆಯದು ಎಲ್ಲಿ ಅಂದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲದ ಮೇಲೆ ಇಟ್ಟೆ. ಅವರು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳು ಆಡಿಸಿ ನೋಡಿದರು.

"ಇದು ಮೊಟ್ಟೆ, ಕಣ್ಣು. ಶುದ್ಧ ಮೊಟ್ಟೆ."

ಕಲೆ ನೋಡಿಯೇ ಹಿಡಿದುಬಿಟ್ಟರಲ್ಲ, ಇನ್ನು ಮುಚ್ಚಿಟ್ಟರೆ ಸುಳ್ಳಿಯೂ ಆಗುತ್ತೇನೆ ಅನ್ನಿಸಿತು.

"ಒಂದೇ ಒಂದು, ಅಜ್ಜಿ. ಬೆಳಿಗ್ಗೆ. ಆಮೇಲೆ ಚೆನ್ನಾಗಿ ತೊಳೆದೆ."

ಅಜ್ಜಿಯ ಹುಬ್ಬು ಮೇಲೇರಿತು.

"ಯಾರ್ದು?"

ಇದೆಂಥ ಪ್ರಶ್ನೆ ಅಂದುಕೊಂಡರೂ ಉತ್ತರ ಕೊಟ್ಟೆ.

"ಕೋಳೀದು."

ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ಅವನಿಗೆ ಕೆಮ್ಮು ಹತ್ತಿ ಕಾಫಿಯೆಲ್ಲ ಮೂಗಿಗೇರಿತು. ಸುಧಾರಿಸಿಕೊಂಡು ಅವನು ಬಿಡಿಸಿ ಹೇಳಿದ ಮೇಲೆ ಗೊತ್ತಾದದ್ದಿಷ್ಟು. ಅಜ್ಜಿಯ ಮೊಟ್ಟೆ ತಮಿಳಿನಿಂದ ಬಂದದ್ದು. ಬೋಳಿಸಿದ ತಲೆಯೂ ಮೊಟ್ಟೆ, ಹರಿತ ಹೋದ ಕತ್ತಿಯೂ ಮೊಟ್ಟೆ. ಕೋಳಿ ಇಡುವುದಕ್ಕೆ ಅವರಲ್ಲಿ ಮುಟ್ಟೆ ಅನ್ನುತ್ತಾರೆ. ಕೊರಿಯರ್ ಡಬ್ಬಗಳನ್ನು ಸೀಳಿ ಸೀಳಿ ನನ್ನ ಚಾಕು ನಿಜವಾಗಿಯೂ ಮೊಂಡಾಗಿತ್ತು, ಅವರು ಹೇಳಿದ್ದು ಅಷ್ಟೇ. ನಾನು ಒಂದೇ ಒಂದು ಅಂದಾಗ, ಈ ಹುಡುಗಿ ಬೆಳಿಗ್ಗೆ ಇದೇ ಮೊಂಡು ಕತ್ತಿಯಲ್ಲಿ ಯಾರದೋ ತಲೆ ಬೋಳಿಸಿ ಬಂದಿದ್ದಾಳೆ ಅಂತ ತಿಳಿದು ಆ ಪಾಪದವನ ಬಗ್ಗೆ ವಿಚಾರಿಸಿದ್ದರು. ಕೋಳಿಗೆ ಯಾವ ದೇವರಿಗೆ ಮುಡಿ ಕೊಡುವ ಹರಕೆ ಇತ್ತೋ ಅಂತ ಯೋಚಿಸುತ್ತಿದ್ದರಂತೆ.

ಈಗ ಅವರಿಗೂ ನಿಜ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ಅವನ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ನಾನು ಏಳಹೋದೆ.

"ಕತ್ತಿ ಹೊರಗೆ ಇಡು," ಅಂದರು ಅಜ್ಜಿ. "ನೀ ಎಲ್ಲಿ ಹೋಗ್ತೀಯಾ? ಕೂರು."

ಚಾಕುವನ್ನು ಜಗಲಿಯ ಮೇಲಿಟ್ಟು ಬಂದು ಕೂತೆ. ಅವನು ನನ್ನ ಪರವಾಗಿ ತಮಿಳಿನಲ್ಲಿ ಏನೋ ವಾದ ಶುರುಮಾಡಿದ. ಅಜ್ಜಿ ಅವನನ್ನು ತಡೆದರು. ಆ ಮೂವರು ಹುಡುಗಿಯರೂ ತಾನು ಏನು ಕೇಳಿದರೂ ತಮಿಳಿನಲ್ಲಿ 'ಆಮಾ ಪಾಟಿ, ಇಲ್ಲೆ ಪಾಟಿ', ಅಂದರೆ ಹೌದಜ್ಜಿ ಇಲ್ಲಜ್ಜಿ, ಅಷ್ಟೇ ಅಂದು ಫೋನು ನೋಡಿದರಂತೆ. ತಾತ ಹೋದ ಮೇಲೆ ಈ ಮನೆಯಲ್ಲಿ ತಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರವಂತೆ, ಇವನೂ ಸೇರಿ. ಅವನು ತಲೆ ತಗ್ಗಿಸಿದ. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿ, ಮೊಟ್ಟೆ ಕತ್ತಿಗೆ ನಿಮ್ಮೂರಲ್ಲಿ ಏನಂತೀರಿ ಅಂತ ಕೇಳಿದರು. ಮೊಂಡು ಅಂದೆ. ಈರುಳ್ಳಿಗೆ ಉಳ್ಳಾಗಡ್ಡಿ ಅಂತಲೂ ಅನ್ನುತ್ತೇವೆ ಅಂದಾಗ ಅವರು ಬೊಚ್ಚುಬಾಯಿ ತೆರೆದು ನಕ್ಕರು. ಒಂದೊಂದೇ ಸಾಮಾನು ತೋರಿಸುತ್ತಾ ಇದಕ್ಕೇನು, ಅದಕ್ಕೇನು ಅಂತ ಕೇಳುತ್ತಲೇ ಹೋದರು.

ಸಂಜೆಯಾಯಿತು. ಕೊಯಮತ್ತೂರಿಗೆ ಹಿಂತಿರುಗುವ ಬಸ್ಸಿಗೆ ಹೊತ್ತಾಯಿತೆಂದು ಅವನು ಎದ್ದು ನಿಂತ. ಅಜ್ಜಿ ನನ್ನ ಕೈ ಬಿಡಲಿಲ್ಲ.

"ನೀ ಹೋಗು, ಕಣ್ಣು," ಅಂದರು ಮೊಮ್ಮಗನಿಗೆ. "ಇವಳು ಇಲ್ಲೇ ಇರ್ತಾಳೆ. ನಮ್ಮ ಮಾತು ಇನ್ನೂ ಮುಗೀಲಿಲ್ಲ."