ಮೂರು ಬಂದಾವೆ, ನಾಲ್ಕನೇದು ಬ್ಯಾಡ

ಹರಿಹರದ ಸರ್ಕಾರಿ ಕಚೇರಿಯ ಖರೀದಿ ಗುಮಾಸ್ತ ಉಚ್ಚಂಗೆಪ್ಪನವರನ್ನು ಜನ ಬೆನ್ನ ಹಿಂದೆ ಮೂರಪ್ಪ ಎನ್ನುತ್ತಿದ್ದರು. ಗುಂಡುಸೂಜಿಯಿರಲಿ, ಗೋಡೆ ಗಡಿಯಾರವಿರಲಿ, "ಕೊಟೇಶನ್ ಮೂರಿರ್ಬೇಕ್ರಿ, ಮೂರಿದ್ರೆ ದೇವರೂ ಕೇಳಂಗಿಲ್ಲ" ಎಂಬುದೇ ಅವರ ಮಂತ್ರ. ಸಂತೆಯಲ್ಲಿ ಬದನೆಕಾಯಿಗೂ ಮೂರು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ದರ ಕೇಳಿ, ಮೊದಲನೆಯದಕ್ಕೇ ಮರಳುವರು. ಕಚೇರಿಯ ಮೂರೂ ಕೊಟೇಶನ್ನುಗಳನ್ನು ಮಾತ್ರ ದಾವಣಗೆರೆಯ ಒಬ್ಬನೇ ವ್ಯಾಪಾರಿ ಒಂದೇ ಚೀಲದಲ್ಲಿ ತರುತ್ತಿದ್ದ. ಅಂಗಡಿ ಹೆಸರು ಮೂರು, ಓರೆ ಕೈಬರಹ ಒಂದೇ. ಉಚ್ಚಂಗೆಪ್ಪನವರು ಕನ್ನಡಕವನ್ನು ಹಣೆಗೇರಿಸಿಕೊಂಡು ಓದುವರು. ಹಾಗೆ ಓದಿದರೆ ಅಕ್ಷರ ಮಂಜು, ಮನಸ್ಸಿಗೆ ಹಗುರ. ಟೈಪ್‌ರೈಟರುಗಳನ್ನೆಲ್ಲ ಬದಲಿಸಲು ಹೊರಟಾಗ, ಅವುಗಳ ರಿಪೇರಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ಹುಸೇನ್ ಸಾಬರೂ ಬಿಳಿ ಹಾಳೆಯಲ್ಲಿ ದರ ಬರೆದು ತಂದರು. "ಇವನ್ನೇ ಹೊಸದರಂಗೆ ಮಾಡಿಕೊಡ್ತೀನ್ರಿ, ಅವರ ಅರ್ಧ ರೇಟಿಗೆ." "ಮೂರು ಬಂದಾವೆ ಸಾಬ್ರೆ, ನಾಲ್ಕನೇದು ಬ್ಯಾಡ" ಎಂದುಬಿಟ್ಟರು ಉಚ್ಚಂಗೆಪ್ಪ. ಹೊಸ ಯಂತ್ರಗಳ ಬಿಡಿಭಾಗ ಆ ವ್ಯಾಪಾರಿಯ ಬಳಿ ಬಿಟ್ಟರೆ ಬೇರೆಲ್ಲೂ ಸಿಗದು, ಅವನು ಬೇಗ ಕೊಡುವವನೂ ಅಲ್ಲ. ಈಗ ಅರ್ಧ ಯಂತ್ರಗಳು ಬಟ್ಟೆ ಹೊದ್ದು ಮಲಗಿವೆ, ಹುಸೇನ್ ಸಾಬರು ಬಸ್ ನಿಲ್ದಾಣದ ಬಳಿ ಸೀಮೆಎಣ್ಣೆ ಸ್ಟೋವ್ ರಿಪೇರಿಗೆ ಕೂತಿದ್ದಾರೆ. ಭಾನುವಾರ ಬಂತೆಂದರೆ ಉಚ್ಚಂಗೆಪ್ಪನವರು ಮನೆಯ ಸ್ಟೋವನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋಗುತ್ತಾರೆ. "ಇದಕ್ಕೇನೂ ಆಗಿಲ್ಲಲ್ರಿ, ಚೊಲೋ ಉರಿತೈತೆ" ಎನ್ನುತ್ತಾರೆ ಸಾಬರು. "ಇರ್ಲಿ, ಬಿಚ್ಚಿ ನೋಡ್ರಿ ಸಾಬ್ರೆ" ಎಂದು ಇವರು ಪಕ್ಕದ ಕಲ್ಲಿನ ಮೇಲೆ ಕೂತು, ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿಕೊಂಡು, ಆ ಕೈಗಳ ಕೆಲಸವನ್ನೇ ನೋಡುತ್ತಿರುತ್ತಾರೆ.