ಲೈಟು ಆರಿಸುತ್ತಿದ್ದ ಅತ್ತೆ

ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋದವರೆಲ್ಲ ಆಗಾಗ ಕೆಮ್ಮುತ್ತಿದ್ದರು. ಹೊಸದಾಗಿ ಬಂದ ನೆಂಟರು, ಪಾಪ, ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ ಇವರ ಎದೆಗೆ ಇಳಿದಿದೆ ಎಂದುಕೊಳ್ಳುತ್ತಿದ್ದರು. ಹೊಗೆಯೂ ಅಲ್ಲ, ನೆಗಡಿಯೂ ಅಲ್ಲ. ಒಳಗೆ ಮನುಷ್ಯರಿದ್ದೇವೆ ಎಂದು ನನ್ನ ಅತ್ತೆ ನಾರಾಯಣಮ್ಮನವರಿಗೆ ತಿಳಿಸುವ ಕೆಮ್ಮು ಅದು. ಬಚ್ಚಲಿನ ಸ್ವಿಚ್ಚು ಹೊರಗಿತ್ತು. ಕೆಮ್ಮದಿದ್ದರೆ ಮೈಗೆಲ್ಲ ಸೋಪು ಹಚ್ಚಿಕೊಂಡು ಕತ್ತಲಲ್ಲಿ ಚೊಂಬು ತಡಕಬೇಕಾಗುತ್ತಿತ್ತು.

ಯಾರೂ ಇಲ್ಲದ ಕೋಣೆಯಲ್ಲಿ ಲೈಟು ಉರಿಯುವುದನ್ನು ಕಂಡರೆ ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಎವರಿಕೋಸಂ ಈ ಲೈಟು? ಒಳಗೆ ದೆವ್ವ ಪೇಪರ್ ಓದ್ತಾ ಕೂತೈತಾ?" ಎನ್ನುತ್ತಾ ಬಂದು ಟಪ್ಪೆಂದು ಆರಿಸುತ್ತಿದ್ದರು. ಅವರ ತವರು ಮುಳಬಾಗಿಲು ತಾಲ್ಲೂಕಿನ ಬೈರಕೂರು. ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಯಾರಿಗೋಸ್ಕರ ಈ ಲೈಟು ಎಂದು ಕನ್ನಡದಲ್ಲಿ ಕೇಳಿದರೆ ಏನಾದರೂ ಸಬೂಬು ಹೇಳಬಹುದಿತ್ತು. ತೆಲುಗಿನಲ್ಲಿ ಕೇಳಿದರೆ ಸುಮ್ಮನೆ ಜಾಗ ಖಾಲಿ ಮಾಡಬೇಕು.

ಜಿಪುಣತನ ಎನ್ನುವ ಹಾಗಿಲ್ಲ. ಸಾಕು ಸಾಕು ಎಂದರೂ ಎಲೆಗೆ ಇನ್ನೊಂದು ಹೋಳಿಗೆ ಹಾಕುವ ಕೈ ಅದು. ಕರೆಂಟಿನ ವಿಷಯದಲ್ಲಿ ಮಾತ್ರ ಅವರದೇ ಒಂದು ನ್ಯಾಯವಿತ್ತು. "ಕರೆಂಟು ಕೆರೆ ನೀರಿದ್ದಂಗೆ ಕಣಮ್ಮಾ. ಮೇಲ್ಗಡೆಯೋರು ಸುಮ್‌ಸುಮ್ನೆ ಹರಿಯಾಕೆ ಬಿಟ್ರೆ ಕೊನೇ ಗದ್ದೆಯೋನಿಗೆ ಏನ್ ಸಿಗ್ತದೆ?" ಕೊನೆಯ ಗದ್ದೆಯವನೆಂದರೆ ಬೈರಕೂರಿನಲ್ಲಿ ಟೊಮೆಟೊ ಬೆಳೆಯುವ ಅವರ ತಮ್ಮ. ನಮ್ಮ ಅಡುಗೆಮನೆಯಲ್ಲಿ ಲೈಟು ದಂಡಕ್ಕೆ ಉರಿದರೆ ಅಲ್ಲಿ ತಮ್ಮನ ಮೋಟಾರು ನಿಂತುಹೋಗುತ್ತದೆ ಎಂಬುದು ಅತ್ತೆಯ ಅಚಲ ನಂಬಿಕೆ. ಸರ್ಕಾರದವರು ಮನೆಗಳ ಬಿಲ್ಲನ್ನು ಸೊನ್ನೆ ಮಾಡಿದಾಗ ನನ್ನ ಗಂಡ, "ಇನ್ನಾದ್ರೂ ಬಿಡಮ್ಮಾ, ಫ್ರೀ ಆಯ್ತು" ಎಂದರು. "ಫ್ರೀ ಅಂದ್ರೆ ಕೆರೆ ತುಂಬ್ತದೇನೋ?" ಎಂದರು ಅತ್ತೆ. ಮಗ ಕಾಫಿ ಲೋಟ ಎತ್ತಿಕೊಂಡರು.

ಕೆಮ್ಮು ಶುರುವಾದದ್ದು ಮುಳಬಾಗಿಲಿನ ಒಂದು ಮದುವೆಯಿಂದ. ಛತ್ರದ ಉಗ್ರಾಣದಲ್ಲಿ ಲೈಟು ಉರಿಯುತ್ತಿತ್ತು. ಆ ಕಡೆ ಕೈ ತೊಳೆಯಲು ಹೋದ ಅತ್ತೆ ಒಳಗೆ ಬಗ್ಗಿ ನೋಡದೆಯೇ ಆರಿಸಿಬಿಟ್ಟರು. ಒಳಗಿದ್ದ ಅಡುಗೆಯವನು ಕೂಗಿದ ಕೂಗಿಗೆ ಇಡೀ ಪಂಕ್ತಿ ಎಲೆ ಬಿಟ್ಟು ತಿರುಗಿ ನೋಡಿತು. ಮೊಣಕೈವರೆಗೆ ಪಾಯಸ ಮೆತ್ತಿಕೊಂಡು ಅವನು ಹೊರಗೆ ಬಂದ. "ಒಳಗಿರೋನು ಒಂದು ಕೆಮ್ಮಬಾರ್ದೇನಪ್ಪಾ?" ಎಂದು ಅತ್ತೆ ಅವನಿಗೇ ಬೈದರು.

ಅತ್ತೆಗೆ ಲೈಟು ಬೇಕಾಗಿಯೂ ಇರಲಿಲ್ಲ. ಸಂಜೆ ಬೆಳಕು ಸರಿದ ಕಡೆಗೆ ಮಣೆ ಸರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕತ್ತಲ ಅಡುಗೆಮನೆಗೆ ಹೋಗಿ ಸಾಸಿವೆ, ಜೀರಿಗೆ ಕೈಗೆ ತಗಲಿದ್ದರಲ್ಲೇ ಗುರುತಿಸಿ ಒಗ್ಗರಣೆ ಹಾಕುತ್ತಿದ್ದರು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಾನು ಇದನ್ನೊಂದು ಸಾಹಸದ ಹಾಗೆ ರೈಲು ಡಬ್ಬಿಯ ಗೆಳತಿಯರಿಗೆ ವರ್ಣಿಸುತ್ತಿದ್ದೆ. ಸಾರಿನಲ್ಲಿ ಅವರೆಕಾಯಿಯ ಹುಳ ಸಿಕ್ಕಾಗ ನಕ್ಕೆವು. ಮಂಚದ ಮೂಲೆ ತಗಲಿ ಅವರ ಮೊಣಕಾಲು ಕಂದಿದಾಗ, "ಲೈಟ್ ಹಾಕ್ಕೊಂಡು ಓಡಾಡಿ ಅತ್ತೆ" ಎಂದೆ. "ಈ ಮನೇಲಿ ಓಡಾಡಾಕೆ ನಂಗ್ಯಾಕಮ್ಮಾ ಲೈಟು?" ಎಂದರು.

ಆಮೇಲೆ ಮನೆಯಲ್ಲೊಂದು ವಿಚಿತ್ರ ನಡೆಯತೊಡಗಿತು. ನಾವು ಆರಿಸಿ ಹೋದ ಕೋಣೆಗಳಲ್ಲಿ ಲೈಟು ಉರಿಯುತ್ತಿರುತ್ತಿತ್ತು, ಕೆಲವು ಸಲ ಹಗಲಲ್ಲೇ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. "ಅಂತೂ ಅಮ್ಮ ಕೈ ಬಿಚ್ಚಿದಳು" ಎಂದು ನನ್ನ ಗಂಡ ಖುಷಿಪಟ್ಟರು. ನನಗೂ ಖುಷಿಯೇ ಆಯಿತು. ಆ ಖುಷಿಯನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಂದು ಭಾನುವಾರ ಸಂಜೆ ನಾನು ಕೋಣೆಯ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಕಿಟಕಿಯ ಬೆಳಕು ಸಾಕಾಗಿತ್ತು, ಲೈಟು ಹಾಕಿರಲಿಲ್ಲ. ಅತ್ತೆ ಬಾಗಿಲಿಗೆ ಬಂದರು. ಗೋಡೆ ಸವರಿ ಸ್ವಿಚ್ಚು ಒತ್ತಿದರು. ಟ್ಯೂಬ್‌ಲೈಟು ಹತ್ತಿಕೊಂಡಿತು. "ಆರ್ಸಾಕೆ ಒಬ್ರಿಗೂ ಕೈ ಬರಲ್ಲ ಈ ಮನೇಲಿ" ಎಂದು ಗೊಣಗಿ, ನಾಲ್ಕಡಿ ದೂರದಲ್ಲಿ ಕೂತಿದ್ದ ನನ್ನನ್ನು ಮಾತನಾಡಿಸದೆ ಹೊರಟುಹೋದರು.

ನಾನು ಮಡಿಸುತ್ತಿದ್ದ ಸೀರೆ ಹಾಗೇ ಕೈಯಲ್ಲಿ ಉಳಿಯಿತು. ಅತ್ತೆಗೆ ನಾನೂ ಕಂಡಿರಲಿಲ್ಲ, ಲೈಟೂ ಕಂಡಿರಲಿಲ್ಲ. ನಾವು ಹಾಕಿಯೇ ಹೋಗಿರುತ್ತೇವೆ ಎಂಬ ನಂಬಿಕೆಯ ಮೇಲೆ ಒತ್ತುತ್ತಿದ್ದರು. ಅಷ್ಟು ವರ್ಷ ಬೈಸಿಕೊಂಡು ನಾವೆಲ್ಲ ಆರಿಸುವುದನ್ನು ಕಲಿತಿದ್ದೆವು. ಅವರಿಗೆ ಅದು ತಿಳಿದಿರಲೇ ಇಲ್ಲ.

ಕೋಲಾರದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸೊರಗಿದೆ ಎಂದರು. ಮೊದಲು ಪಕ್ಕದ ನೋಟ ಹೋಗುತ್ತದಂತೆ, ನೋವೂ ಇರುವುದಿಲ್ಲವಂತೆ. ಹೋದದ್ದು ಮರಳಿ ಬರುವುದಿಲ್ಲ. ಮೊದಲೇ ತಂದಿದ್ದರೆ ಕಣ್ಣಿಗೆ ಹನಿ ಹಾಕಿ ಇದ್ದದ್ದನ್ನಾದರೂ ಉಳಿಸಿಕೊಳ್ಳಬಹುದಿತ್ತು. "ತಡವರಿಸೋದು ಯಾರಿಗೂ ಗೊತ್ತಾಗಲಿಲ್ವಾ?" ಎಂದು ಕೇಳಿದರು. "ಅಮ್ಮ ಮೊದಲಿಂದಲೂ ಕತ್ತಲಲ್ಲೇ ಓಡಾಡೋದು ಡಾಕ್ಟ್ರೇ" ಎಂದು ನನ್ನ ಗಂಡ ತಲೆ ತಗ್ಗಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. "ನಂಗೂ ಗೊತ್ತಾಗ್ಲಿಲ್ಲ ಕಣಮ್ಮಾ. ಲೈಟ್ ಹಾಕಿಲ್ವಲ್ಲ, ಅದಕ್ಕೇ ಮಸುಕು ಅಂದ್ಕೊಂಡೆ" ಎಂದರು.

ಉಳಿದ ನೋಟವೂ ಮೆಲ್ಲಗೆ ಹೋಯಿತು. ಅವರು ತೀರಿಕೊಂಡು ಈಗ ಒಂದು ವರ್ಷವಾಗುತ್ತಾ ಬಂತು. ಅದಕ್ಕೆ ಕೆಲವು ದಿನ ಮುಂಚೆ, ಕೆಲಸದಿಂದ ಬಂದವಳು ಅವರ ಮಂಚದ ಪಕ್ಕ ಹಾಗೇ ಕೂತೆ. ಅವರಿಗಿಲ್ಲದ ಬೆಳಕು ನನಗ್ಯಾಕೆ ಎನ್ನಿಸಿ ಲೈಟು ಹಾಕಲಿಲ್ಲ.

"ಸ್ವಿಚ್ಚಿನ ಸದ್ದೇ ಬರ್ಲಿಲ್ಲ. ಕತ್ತಲಲ್ಲಿ ಕೂತಿದ್ದೀಯಾ?"

"ಹೂಂ ಅತ್ತೆ."

"ಹಾಕು. ಮನುಷ್ಯರು ಇರೋ ಜಾಗದಲ್ಲಿ ಆರ್ಸು ಅಂತ ನಾನ್ಯಾವತ್ತು ಅಂದೆ?"

ಎದ್ದು ಹಾಕಿದೆ.

"ಈಗ ನನ್ನ ನೋಡಿ ಹೇಳು, ಹೆಂಗಿದ್ದೀನಿ? ಕನ್ನಡಿ ನೋಡಿ ತುಂಬ ದಿನ ಆಯ್ತು."

ನೋಡಿದೆ. ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯೊಂದಿತ್ತು. ಎಲ್ಲಿಗೆ ತಗಲಿಸಿಕೊಂಡದ್ದೋ, ಎಂದು ಮಾಸಿದ್ದೋ, ನನಗೆ ಗೊತ್ತಿರಲಿಲ್ಲ. "ಚೆನ್ನಾಗಿದ್ದೀರ ಅತ್ತೆ" ಎಂದೆ.

"ಸರಿಯಾಗಿ ನೋಡಿ ಹೇಳಮ್ಮಾ" ಎಂದು ಅತ್ತೆ ಮುಖವನ್ನು ನನ್ನ ಕಡೆ ತಿರುಗಿಸಿ ಕಾದರು.