ಮಿದುಳು ಮಾವ ಓದಿದ ಮನಶ್ಶಾಸ್ತ್ರ

ನನ್ನ ಸೋದರಮಾವ ಐವತ್ತರ ಹೊಸ್ತಿಲಲ್ಲಿ ವಿಶ್ವವಿದ್ಯಾಲಯ ಸೇರಿದ. ಹಿರಿಯರ ಬಗ್ಗೆ ಬರೆಯುವಾಗ ‘ಸೇರಿದರು’ ಎನ್ನಬೇಕೆಂದು ನನಗೂ ಗೊತ್ತು. ಎದುರಿಗೆ ಈಗಲೂ ಬಹುವಚನವನ್ನೇ ಕೊಡುತ್ತೇನೆ. ಬರೆಯಲು ಕುಳಿತಾಗ ಮಾತ್ರ ಕೈ ಏಳುವುದಿಲ್ಲ.

ಅಲ್ಲಿಯವರೆಗೆ ಅವನು ಟೈಲ್ಸ್ ಮಾರುತ್ತಿದ್ದ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಏಕೆಂದರೆ ನಡೆಸುತ್ತಿದ್ದವನು ಪಾಲುದಾರ. ಮಾವನ ಕೆಲಸ ಗಿರಾಕಿಗಳನ್ನು ಮಾತಾಡಿಸುವುದು. ಬಿಳಿ ಟೈಲ್ಸ್ ಕೇಳಿಕೊಂಡು ಬಂದವರ ತಲೆಗೆ ಕಂದು ಟೈಲ್ಸ್ ಕಟ್ಟಿದ ದಿನ ಸಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದ. “ತನಗೇನು ಬೇಕು ಅಂತ ಗಿರಾಕಿಗೆ ಗೊತ್ತಿರಲ್ಲ. ಮುಖ ನೋಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ” ಎನ್ನುತ್ತಿದ್ದ. ಕಂದು ಟೈಲ್ಸ್ ಹಾಕಿಸಿಕೊಂಡವರು ತಿಂಗಳೊಳಗೆ ಬಂದು ಪಾಲುದಾರನ ಮೇಲೆ ಕೂಗಾಡುತ್ತಿದ್ದುದು ಅವನ ಕಿವಿಗೆ ಬೀಳುತ್ತಿರಲಿಲ್ಲ. ಪಾಲುದಾರ ಸಹಿಸುವಷ್ಟು ಸಹಿಸಿ, ಕೊನೆಗೊಂದು ದಿನ ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸಿದ. ಆ ಹಾರವನ್ನು ಮಾವ ನಿಜವೆಂದೇ ನಂಬಿದ.

ನಾನಾಗ ಮೊದಲ ವರ್ಷದಲ್ಲಿದ್ದೆ. ಅವನ ಮನೆಯಿಂದ ವಿಶ್ವವಿದ್ಯಾಲಯಕ್ಕೆ ನಡೆದೇ ಹೋಗಬಹುದಾದ್ದರಿಂದ ಅಮ್ಮ ನನ್ನನ್ನು ಅಲ್ಲೇ ಬಿಟ್ಟಿದ್ದಳು. ಒಂದು ಸಂಜೆ ನನ್ನ ಪಠ್ಯಪುಸ್ತಕ ಊಟದ ಮೇಜಿನ ಮೇಲೆ ಉಳಿದುಹೋಯಿತು. ಸಂಜ್ಞಾನ ಮನೋವಿಜ್ಞಾನದ ಪರಿಚಯ. ಮನುಷ್ಯ ಹೇಗೆ ಗಮನಿಸುತ್ತಾನೆ, ಹೇಗೆ ನೆನಪಿಡುತ್ತಾನೆ, ಹೇಗೆ ತೀರ್ಮಾನಕ್ಕೆ ಬರುತ್ತಾನೆ ಎನ್ನುವುದೆಲ್ಲ ಅದರಲ್ಲಿತ್ತು. ಮಾವ ಮೊದಲ ಅಧ್ಯಾಯದ ಅರ್ಧ ಓದಿ, ಪುಸ್ತಕ ಮುಚ್ಚಿ, “ಇದೆಲ್ಲ ನಂಗೆ ಮೊದಲೇ ಗೊತ್ತಿತ್ತಲ್ಲ!” ಎಂದ. ಮುಂದಿನ ವಾರ ಅದೇ ತರಗತಿಗೆ ದಾಖಲಾದ.

ನನ್ನ ಗ್ರಹಚಾರ, ಮೊದಲ ಬೆಂಚು ಅವನದಾಯಿತು. ನಮ್ಮ ಮೇಡಂ ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವರು. ಮೆಲುದನಿ, ಕೈಯಲ್ಲಿ ಸದಾ ನೀರಿನ ಬಾಟಲಿ. ಅವರು ಒಂದು ವಾಕ್ಯ ಮುಗಿಸುವುದರೊಳಗೆ ಮಾವನ ಕೈ ಮೇಲೇಳುತ್ತಿತ್ತು. ಪ್ರಶ್ನೆ ಕೇಳಲು ಅಲ್ಲ. ಟೈಲ್ಸ್ ಅಂಗಡಿಯಲ್ಲಿ ತಾನು ಕಂಡ ಯಾವುದೋ ಗಿರಾಕಿಯ ಕಥೆ ಹೇಳಿ, ಕೊನೆಗೆ “ಅಲ್ವಾ ಮೇಡಂ?” ಎಂದು ಬಾಲ ಸೇರಿಸಲು. ಅವರು “ಹೌದು ಸರ್, ಹಾಗೂ ಇರಬಹುದು” ಎಂದರೆ, ಹಿಂದಕ್ಕೆ ತಿರುಗಿ ಇಡೀ ತರಗತಿಯನ್ನು ಒಮ್ಮೆ ನೋಡುತ್ತಿದ್ದ. ಹುಡುಗರು ಅವನಿಗೆ ‘ಮಿದುಳು ಮಾವ’ ಎಂದು ಹೆಸರಿಟ್ಟರು. ಅದು ಅವನ ಕಿವಿಗೂ ಬಿತ್ತು. ಮನೆಗೆ ಬಂದು ಅತ್ತೆಯ ಮುಂದೆ, “ಹುಡುಗರು ಪ್ರೀತಿಯಿಂದ ಏನಂತಾರೆ ಗೊತ್ತಾ?” ಎಂದು ಕೊಚ್ಚಿಕೊಂಡ.

ಒಂದು ದಿನ ಪಾಠದ ನಡುವೆ ಒಬ್ಬಳು ಹೆಂಗಸು ಬಾಗಿಲು ತಳ್ಳಿಕೊಂಡು ಬಂದಳು. ಮೇಡಂ ಜೊತೆ ಜೋರಾಗಿ ಜಗಳವಾಡಿ, ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಹೊರಟುಹೋದಳು. ನಾವೆಲ್ಲ ಬೆಪ್ಪಾಗಿ ಕುಳಿತಿದ್ದೆವು. ಮೇಡಂ ನಕ್ಕು, “ಇದೂ ಪಾಠವೇ. ಬಂದವರು ಹೇಗಿದ್ದರು, ಏನು ಉಟ್ಟಿದ್ದರು, ಏನು ತೆಗೆದುಕೊಂಡು ಹೋದರು ಹೇಳಿ” ಎಂದರು. ಕಣ್ಣಾರೆ ಕಂಡದ್ದನ್ನೂ ಮನುಷ್ಯ ಎಷ್ಟು ತಪ್ಪಾಗಿ ಹೇಳುತ್ತಾನೆಂದು ತೋರಿಸುವ ಪಾಠ ಅದು. ನಾವು ತಡವರಿಸುತ್ತಿದ್ದಾಗ ಮಾವ ಎದ್ದು ನಿಂತ.

“ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯೋ ಹೆಂಗಸು. ಹಸಿರು ಸೀರೆ. ಎಡಗೈಯಲ್ಲಿ ನಿಮ್ಮ ಪರ್ಸ್ ಎತ್ತಿಕೊಂಡು ಹೋದ್ಲು.”

“ಖಚಿತವಾಗಿ ಹೇಳ್ತೀರಾ ಸರ್?”

“ನೂರಕ್ಕೆ ನೂರು. ಮೊದಲ ಬೆಂಚಿನಲ್ಲಿ ಕೂತವನು ನಾನು!”

ಬಂದಿದ್ದವರು ಪಕ್ಕದ ವಿಭಾಗದ ಅಧ್ಯಾಪಕಿ. ಉಟ್ಟದ್ದು ನೀಲಿ ಸೀರೆ. ಪರ್ಸ್ ಮೇಡಂ ಹೆಗಲಲ್ಲೇ ನೇತಾಡುತ್ತಿತ್ತು. ಮೇಡಂ ಗುಟ್ಟಾಗಿ ತೆಗೆಸಿದ್ದ ವಿಡಿಯೋ ಹಾಕಿ ತೋರಿಸಿದಾಗ ತರಗತಿಯೆಲ್ಲ ನಕ್ಕಿತು, ತಪ್ಪು ಹೇಳಿದ್ದ ನಾವೂ ನಕ್ಕೆವು. ಮಾವ ಮಾತ್ರ ಕನ್ನಡಕ ಒರೆಸಿಕೊಂಡು, “ವಿಡಿಯೋದಲ್ಲಿ ಬಣ್ಣ ಬೇರೆ ಥರ ಕಾಣುತ್ತೆ” ಎಂದ. ಎರಡು ದಿನ ಬಿಟ್ಟು ಕ್ಯಾಂಟೀನಿಗೆ ಹೋಗಿ, ಆ ತಟ್ಟೆ ತೊಳೆಯುವಾಕೆಯನ್ನು ಕರೆದು, “ಆವತ್ತು ನೀನೇ ತಾನೆ ಬಂದಿದ್ದು?” ಎಂದು ವಿಚಾರಿಸಿದ. ಆಕೆ ಪಾಪ, ಯಾವ ಕಳ್ಳತನ ತನ್ನ ಮೇಲೆ ಬಂತೋ ಎಂದು ಗಾಬರಿಯಾಗಿ ಒದ್ದೆ ಕೈಯಲ್ಲೇ ಓಡಿಬಂದು ಮೇಡಂ ಮುಂದೆ ನಿಂತಳು. ಮೇಡಂ ಆಕೆಗೆ ಕ್ಷಮೆ ಕೇಳಿದರು. ಮಾವ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನೆನಪಿನ ಅಧ್ಯಾಯ ಶುರುವಾಯಿತು, ಅದನ್ನವನು ಮನೆಗೆ ಹೊತ್ತು ತಂದ.

ಅತ್ತೆಯ ಬಗ್ಗೆ ಹೇಳಬೇಕು. ಮದುವೆಗೆ ಮೊದಲೂ ಆಮೇಲೆ ಕೆಲವು ವರ್ಷವೂ ಅವಳು ಊರ ಈಜುಕೊಳದಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಹಾಸಿಗೆ ಹಿಡಿದಾಗ ಅವಳನ್ನು ನೋಡಿಕೊಳ್ಳಲು ಕೆಲಸ ಬಿಡಿಸಿದ್ದು ಮಾವ. “ಅಮ್ಮ ಇರೋವರೆಗೆ ಮಾತ್ರ. ಆಮೇಲೆ ನೀನು ವಾಪಸ್ ಹೋಗು, ನಾನೇ ಕರ್ಕೊಂಡು ಹೋಗಿ ಬಿಡ್ತೀನಿ” ಎಂದು ನನ್ನ ಅಮ್ಮನ ಎದುರಿಗೇ ಹೇಳಿದ್ದನಂತೆ. ಅಜ್ಜಿ ತೀರಿಕೊಂಡಳು. ಆಮೇಲೆ ಅಂಗಡಿಯ ನೆಪ, ಆಮೇಲೆ ಬೆನ್ನುನೋವಿನ ನೆಪ. ಈಗ ಅವನು ಮನೆಯಲ್ಲೇ ಇರುವವನು, ಯಾವ ನೆಪವೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಅತ್ತೆ ಆ ಮಾತು ಎತ್ತಿದಳು.

“ಹಾಗೆ ನಾನು ಹೇಳೇ ಇಲ್ಲ” ಎಂದ ಮಾವ.

“ಅತ್ತಿಗೆ ಮುಂದೆ ಹೇಳಿದ್ರಿ ಕಣ್ರೀ.”

“ಅದು ನಿನ್ನ ತಪ್ಪಲ್ಲ ಬಿಡು. ನೆನಪು ಅಂದ್ರೆ ಫೋಟೋ ಅಲ್ಲ. ಪ್ರತಿ ಸಲ ತೆಗೆದಾಗಲೂ ಮಿದುಳು ಹೊಸದಾಗಿ ಕಟ್ಟುತ್ತೆ. ನಿಂಗೆ ಈಜುಕೊಳಕ್ಕೆ ಹೋಗೋ ಆಸೆ, ಅದಕ್ಕೆ ನಿನ್ನ ಮಿದುಳು ನನ್ನ ಬಾಯಲ್ಲಿ ಆ ಮಾತು ಹಾಕಿದೆ. ಇದು ಸಾಬೀತಾಗಿದೆ ಕಣೇ. ಬೇಕಾದ್ರೆ ಇವಳನ್ನ ಕೇಳು.”

ಇಬ್ಬರೂ ನನ್ನ ಮುಖ ನೋಡಿದರು. “ಹಾಗೆ ನೋಡಿದ್ರೆ ನಿಮ್ಮ ಮಿದುಳೂ ಕಟ್ಟುತ್ತೆ ಮಾವ” ಎಂದೆ.

“ನಾನು ಅದನ್ನ ಓದಿದೀನಲ್ಲ” ಎಂದ.

ಅಂದಿನಿಂದ ಅದೇ ಅವನ ಮಂತ್ರವಾಯಿತು. ಟೆಲಿಫೋನ್ ಬಿಲ್ ಕಟ್ಟುತ್ತೇನೆಂದು ಒಪ್ಪಿಕೊಂಡು ಮರೆತದ್ದು, ಪಾಲುದಾರನ ಮಗಳ ಮದುವೆಯಲ್ಲಿ ಅತ್ತೆಯನ್ನು ನಾಲ್ಕು ಜನರ ಮುಂದೆ ಗದರಿಸಿದ್ದು, ಯಾವುದನ್ನು ಎತ್ತಿದರೂ “ಕಟ್ಟಿದ ನೆನಪು”. ಮೊದಲು ಅವನು ಬರೀ ಇಲ್ಲ ಎನ್ನುತ್ತಿದ್ದ, ಅತ್ತೆ ಜಗಳವಾಡುತ್ತಿದ್ದಳು. ಈಗ ಅನುಕಂಪದಿಂದ ಇಲ್ಲ ಎನ್ನತೊಡಗಿದ. ಅನುಕಂಪದ ಜೊತೆ ಜಗಳವಾಡಲು ಬರುವುದಿಲ್ಲ.

ಅತ್ತೆ ನನ್ನ ಅಮ್ಮನಿಗೆ ಫೋನ್ ಮಾಡಿದಳು. ನನ್ನ ಅಮ್ಮ, ತಮ್ಮನನ್ನು ಹುಟ್ಟಿದಾಗಿನಿಂದ ತಲೆಯ ಮೇಲೆ ಕೂರಿಸಿಕೊಂಡವಳು, “ನಂಗೆ ಸರಿಯಾಗಿ ನೆನಪಿಲ್ಲಮ್ಮ. ಅವನು ಓದ್ತಿರೋನು, ಅವನು ಹೇಳಿದ ಮೇಲೆ ಹಾಗೇ ಇರಬೇಕು” ಎಂದಳು. ಹಿಂದಿನ ವರ್ಷವಷ್ಟೇ ಅದೇ ಕಥೆಯನ್ನು ನನಗೆ ಹೇಳಿದ್ದವಳು ಅವಳು.

ಆಮೇಲೆ ಅತ್ತೆ ನಿಧಾನವಾಗಿ ಕುಗ್ಗಿದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತುತ್ತಿದ್ದಳು. ಮಾತಿನ ನಡುವೆ ನಿಂತು, “ಇದು ನಿಜವಾಗ್ಲೂ ನಡೀತಲ್ವಾ?” ಎಂದು ನನ್ನನ್ನು ಕೇಳುತ್ತಿದ್ದಳು. ಮರೆವಿನ ರೋಗ ಅಂಟಿತೆಂದು ತಾನೇ ಆಸ್ಪತ್ರೆಗೆ ಹೋದಳು, ಜೊತೆಗೆ ನಾನಿದ್ದೆ. ಡಾಕ್ಟರು ಏನೇನೋ ಕೇಳಿ, ಬರೆಸಿ, “ನಿಮ್ಮ ನೆನಪು ಚೆನ್ನಾಗಿದೆಯಮ್ಮ. ಮನೇಲಿ ಏನಾದ್ರೂ ತೊಂದರೆ ಇದ್ಯಾ?” ಎಂದರು. ಅತ್ತೆ ಇಲ್ಲವೆಂದು ತಲೆಯಾಡಿಸಿದಳು. ಮನೆಗೆ ಬಂದು ಹೇಳಿದಾಗ ಮಾವ, “ಡಾಕ್ಟರಿಗೇನು ಗೊತ್ತು ಮನಸ್ಸಿನ ವಿಷಯ” ಎಂದು ಟಿವಿ ಹಾಕಿಕೊಂಡ.

ನಾನು ತಡೆಯಲಾರದೆ ತರಗತಿಯಲ್ಲಿ ಎದ್ದು ನಿಂತು ಕೇಳಿದೆ: “ಮೇಡಂ, ಇಬ್ಬರ ನೆನಪು ಬೇರೆಬೇರೆ ಇದ್ದಾಗ ಯಾರದು ಸರಿ ಅಂತ ಈ ಸಿದ್ಧಾಂತ ಹೇಳುತ್ತಾ?”

“ಇಲ್ಲ. ಯಾರ ನೆನಪಾದ್ರೂ ತಪ್ಪಬಹುದು ಅಂತ ಮಾತ್ರ ಹೇಳುತ್ತೆ. ಇದನ್ನು ಇನ್ನೊಬ್ಬರ ಬಾಯಿ ಮುಚ್ಚಿಸೋಕೆ ಬಳಸೋದು ವಿಜ್ಞಾನ ಅಲ್ಲ, ದಬ್ಬಾಳಿಕೆ” ಎಂದರು ಮೇಡಂ. ಮೊದಲ ಬೆಂಚಿನಲ್ಲಿ ಮಾವ ಜೋರಾಗಿ ತಲೆಯಾಡಿಸಿದ. ಹೊರಗೆ ಬಂದವನೇ ನನ್ನ ಬೆನ್ನು ತಟ್ಟಿ, “ಒಳ್ಳೆ ಪ್ರಶ್ನೆ ಕೇಳಿದೆ. ಇದನ್ನ ನಿಮ್ಮತ್ತೆಗೆ ಹೇಳಬೇಕು” ಎಂದ. ವ್ಯಂಗ್ಯವಿರಬಹುದೆಂದು ಅವನ ಮುಖ ನೋಡಿದೆ. ಇರಲಿಲ್ಲ.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಪ್ರತಿಯೊಬ್ಬರೂ ಒಬ್ಬರನ್ನು ಕೂರಿಸಿಕೊಂಡು ಪ್ರಯೋಗ ಮಾಡಬೇಕು. ಮಾವ ಆರಿಸಿಕೊಂಡದ್ದು ಸುಳ್ಳು ನೆನಪಿನ ಪ್ರಯೋಗ. ಹಾಸಿಗೆ, ದಿಂಬು, ಕನಸು, ಗೊರಕೆ ಎಂದು ಸಾಲಾಗಿ ಓದಿ, ಸ್ವಲ್ಪ ಹೊತ್ತಾದ ಮೇಲೆ ಯಾವ ಪದಗಳು ಇದ್ದವೆಂದು ಕೇಳಿದರೆ, ತುಂಬ ಜನ ‘ನಿದ್ದೆ’ ಇತ್ತು ಎನ್ನುತ್ತಾರೆ. ಅದು ಇರುವುದೇ ಇಲ್ಲ. ಕೂರಿಸಿಕೊಂಡದ್ದು ಅತ್ತೆಯನ್ನು. ಅವಳ ಮಿದುಳು ಎಂಥದೆಂದು ಅವಳಿಗೇ ತೋರಿಸಿಕೊಡುವ ಹುಮ್ಮಸ್ಸು ಅವನಿಗೆ.

ಭಾನುವಾರ ಬೆಳಿಗ್ಗೆ, ಊಟದ ಮೇಜು. ನಾನು ಎದುರಿಗೆ ತರಕಾರಿ ಹೆಚ್ಚುತ್ತಿದ್ದೆ. ಮಾವ ಗಂಟಲು ಸರಿಮಾಡಿಕೊಂಡು, ನಿಯಮದಂತೆ ಮೊದಲು ಓದಬೇಕಾದ್ದನ್ನು ಓದಿದ: “ನೀವು ಯಾವ ಕ್ಷಣದಲ್ಲಾದರೂ, ಯಾವುದೇ ಕಾರಣ ಹೇಳದೆ, ಈ ಪ್ರಯೋಗದಿಂದ ಹಿಂದೆ ಸರಿಯಬಹುದು.”

“ಕಾರಣ ಹೇಳದೇನಾ?” ಎಂದು ಕೇಳಿದಳು ಅತ್ತೆ.

“ಹೂಂ, ಅದು ನಿಯಮ. ಈಗ ಗಮನ ಇಟ್ಟು ಕೇಳು. ಹಾಸಿಗೆ. ದಿಂಬು. ಕನಸು…”

ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

“ಏನಾಯ್ತು?”

“ಹಿಂದೆ ಸರೀತಿದೀನಿ.”

“ಇನ್ನೂ ಶುರುವೇ ಆಗಿಲ್ಲ ಕಣೇ!”

“ನಂಗೆ ಸಾಕಾಯ್ತು ಕಣ್ರೀ.”

“ಯಾಕೆ ಅಂತ ಹೇಳು.”

“ಹೇಳಬೇಕಾಗಿಲ್ಲ ಅಂತ ಈಗ ತಾನೆ ನೀವೇ ಓದಿದ್ರಿ.”

ದನಿ ಏರಿಸಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅಲಮಾರು ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು. ಮಾವ ನನ್ನ ಕಡೆ ತಿರುಗಿ, “ನೋಡಿದ್ಯಾ, ತಪ್ಪು ಮಾಡ್ತೀನಿ ಅನ್ನೋ ಭಯ” ಎಂದು ವಿವರಿಸಿದ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಒಂದು ಸೂಟ್‌ಕೇಸ್ ಹಿಡಿದು ಹೊರಬಂದಳು. ಈಜುಕೊಳದ ಹಳೆಯ ಗೆಳತಿಯೊಬ್ಬಳು ಈಗ ಅಲ್ಲಿಯೇ ಮುಖ್ಯಸ್ಥೆಯಂತೆ. ಅವಳ ಮನೆಗೆ ಹೊರಟಿದ್ದಳು. ಮಾವ ಆಗ ಸೋಫಾದಲ್ಲಿ ಬಾಯಿ ತೆರೆದು ಮಲಗಿದ್ದ. ನಾನು ಸೂಟ್‌ಕೇಸ್ ಹಿಡಿದು ಕೆಳಗಿನವರೆಗೆ ಹೋದೆ. ಆಟೋ ಹತ್ತುವಾಗ ಅವಳು, “ಗ್ಯಾಸ್ ಆರಿಸಿದೀನಿ” ಎಂದಳು. ಪ್ರಶ್ನೆಯಾಗಿ ಅಲ್ಲ.

ಮಾವ ಮೊದಲ ವಾರ ಅವಳು ಮುನಿಸಿಕೊಂಡಿದ್ದಾಳೆ ಎಂದ. ಎರಡನೆಯ ವಾರ ಅಪಾರ್ಟ್‌ಮೆಂಟಿನ ವಾಚ್‌ಮನ್ನನ್ನು ಕೂರಿಸಿಕೊಂಡು ಪ್ರಯೋಗ ಮುಗಿಸಿದ. ಒಳ್ಳೆಯ ಅಂಕವೇ ಬಂತು. ಬರೆದಿಡುವುದರಲ್ಲಿ ಅವನು ಗಟ್ಟಿಗ. ತಿಂಗಳಾದ ಮೇಲೆ ನೆಂಟರ ಮುಂದೆ ಕಥೆ ಬದಲಾಯಿತು: “ನಾನೇ ಹೋಗು ಅಂದೆ. ಅವಳಿಗೂ ಸ್ವಲ್ಪ ಸ್ವಾತಂತ್ರ್ಯ ಬೇಕು ಅನ್ನಿಸ್ತು. ನಾನೇ ಕೂತು ಒಪ್ಪಿಸಿದೆ.” ಅಮ್ಮ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಅವನು ಸುಳ್ಳು ಹೇಳುತ್ತಿದ್ದಾನೆಂದು ನಾನು ಮೊದಲು ಅಂದುಕೊಂಡಿದ್ದೆ. ಸುಳ್ಳು ಹೇಳುವವನಿಗೆ ನಿಜ ಯಾವುದೆಂದಾದರೂ ಗೊತ್ತಿರುತ್ತದೆ. ಇವನು ಅಷ್ಟಕ್ಕೂ ಯೋಗ್ಯನಲ್ಲ.

ನಾನು ಹಾಸ್ಟೆಲ್ ಸೇರಿದೆ. ಅತ್ತೆ ಈಗ ಬೆಳಗಿನ ಪಾಳಿಯಲ್ಲಿ ದೊಡ್ಡ ಹೆಂಗಸರಿಗೆ ಈಜು ಕಲಿಸುತ್ತಾಳೆ. ಪೂರ್ತಿ ಸರಿಹೋಗಿದ್ದಾಳೆ ಎನ್ನಲಾರೆ. ಒಮ್ಮೊಮ್ಮೆ ಫೋನ್ ಮಾಡಿ ಹಳೆಯದೊಂದನ್ನು ಹೇಳಿ, “ಹೀಗೇ ಆಗಿದ್ದಲ್ವಾ?” ಎನ್ನುತ್ತಾಳೆ. ನನಗೆ ಗೊತ್ತಿರುವುದಕ್ಕೆ ಹೌದೆನ್ನುತ್ತೇನೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತೇನೆ. ಅಷ್ಟು ಸಾಕು ಅವಳಿಗೆ.

ಮೊನ್ನೆ ನನ್ನ ಉಳಿದ ಪುಸ್ತಕಗಳನ್ನು ತರಲು ಮಾವನ ಮನೆಗೆ ಹೋಗಿದ್ದೆ. ಬಾಗಿಲಿಗೆ ‘ಮಕ್ಕಳ ನೆನಪಿನ ಶಕ್ತಿ ತರಬೇತಿ’ ಎಂಬ ಫಲಕ ಬಂದಿದೆ. ಇಬ್ಬರು ತಾಯಂದಿರು ಕಾಯುತ್ತಾ ಕುಳಿತಿದ್ದರು. ಮಾವ ನನ್ನನ್ನು ತನ್ನ ಶಿಷ್ಯೆಯೆಂದು ಅವರಿಗೆ ಪರಿಚಯಿಸಿದ.

“ನಿಮ್ಮತ್ತೆ ಹೇಗಿದ್ದಾಳೆ?” ಎಂದು ಕೇಳಿದ. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ, ಅವಳು ಹೇಗಿದ್ದಾಳೆಂದು ಅವನೇ ನನಗೆ ವಿವರಿಸತೊಡಗಿದ. ಆ ತಾಯಂದಿರು ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ನಾನು ಪುಸ್ತಕ ಎತ್ತಿಕೊಂಡು ಹೊರಟೆ.